ಗೂಢಲಿಪಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಜೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗೂಢಲಿಪಿ ಹೇಳಿಕೊಡುತ್ತಾ ಕೆಲವು ವರ್ಷ ಆಯಿತು. ಮಕ್ಕಳು ಕೇಳುವುದು, ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮ ಕೇಳುವುದು, ಆಮೇಲೆ ಪತ್ರ ಬರೆದು ಕೇಳುವುದು, ಎಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗಳನ್ನು ಆದಷ್ಟು ಕನ್ನಡ ಅಕ್ಷರದಲ್ಲೇ ಮಾಡಿದ್ದೇನೆ. ಎ ಬಿ ಸಿ ಡಿ ಇಟ್ಟುಕೊಂಡು ಕಲಿತದ್ದು ನಮ್ಮ ಕಾಗುಣಿತ, ಒತ್ತಕ್ಷರಗಳ ಹತ್ತಿರ ಬಂದಾಗ ಬೇರೆಯದೇ ರೂಪ ತಾಳುತ್ತದೆ. ನನಗೆ ಅದೇ ಇಷ್ಟ. ಪೆನ್ಸಿಲ್, ಕಾಗದ ಪಕ್ಕದಲ್ಲಿಟ್ಟುಕೊಂಡು ಓದಿ.

## ಮೊದಲ ಹೆಜ್ಜೆ

ಗೂಢಲಿಪಿ ಅಂದ್ರೆ ಏನು? ಸರಳವಾಗಿ ಹೇಳಿ.

ನೀವು ಬರೆದದ್ದು ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಅವರಿಗೆ ಅರ್ಥ ಆಗಬಾರದು. ಯಾರಿಗೆ ಕಳಿಸಿದ್ದೀರೋ ಅವರಿಗೆ ಮಾತ್ರ ಆಗಬೇಕು. ಅದಕ್ಕೆ ಮಾಡುವ ಏರ್ಪಾಡೇ ಗೂಢಲಿಪಿ.

ಇದರಲ್ಲಿ ಮೂರು ವಿಷಯ ಇರುತ್ತವೆ. ಒಂದು, ನೀವು ಹೇಳಬೇಕಾದ ಮೂಲ ಬರಹ. ಎರಡು, ಅದನ್ನು ಬದಲಾಯಿಸುವ ವಿಧಾನ. ಇದನ್ನು ಸೈಫರ್ ಅನ್ನುತ್ತಾರೆ. ಮೂರು, ಕೀ. "ಅಕ್ಷರಗಳನ್ನು ಮುಂದೆ ಸರಿಸು" ಅನ್ನುವುದು ವಿಧಾನ. "ಎಷ್ಟು ಮನೆ ಸರಿಸಬೇಕು" ಅನ್ನುವುದು ಕೀ. ಬೀಗದ ಅಂಗಡಿಯಲ್ಲಿ ಒಂದೇ ಕಂಪನಿಯ ನೂರು ಬೀಗ ಇದ್ದರೂ ಒಂದೊಂದಕ್ಕೂ ಬೇರೆ ಕೀ ಇರುತ್ತದೆ ಅಲ್ವಾ, ಹಾಗೆ. ಮೂಲ ಬರಹವನ್ನು ಗೂಢ ಬರಹ ಮಾಡುವುದು ಎನ್‌ಕ್ರಿಪ್ಷನ್. ತಿರುಗಿ ಮೂಲಕ್ಕೆ ತರುವುದು ಡೀಕ್ರಿಪ್ಷನ್.

ಕೋಡ್ ಮತ್ತು ಸೈಫರ್ ಎರಡೂ ಒಂದೇ ಅಲ್ವಾ?

ಮಾತಿನಲ್ಲಿ ಎರಡನ್ನೂ ಒಂದೇ ಥರ ಬಳಸುತ್ತೇವೆ. ಕಲಿಯುವಾಗ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಸೈಫರ್ ಕೆಲಸ ಮಾಡುವುದು ಅಕ್ಷರದ ಮೇಲೆ. ಕೋಡ್ ಕೆಲಸ ಮಾಡುವುದು ಪದದ ಮೇಲೆ, ಅರ್ಥದ ಮೇಲೆ. "ಮದುವೆಗೆ ಬೆಲ್ಲ ತನ್ನಿ" ಅಂದರೆ "ಹಣ ತನ್ನಿ" ಎಂದು ಇಬ್ಬರು ಮೊದಲೇ ಮಾತಾಡಿಕೊಂಡಿದ್ದರೆ ಅದು ಕೋಡ್.

ದೊಡ್ಡ ಕೋಡ್‌ಗಳಿಗೆ ನಿಘಂಟಿನಷ್ಟು ದಪ್ಪದ ಪುಸ್ತಕ ಇರುತ್ತಿತ್ತು. ಒಂದೊಂದು ಪದಕ್ಕೂ ಒಂದೊಂದು ಸಂಖ್ಯೆ. ಮೊದಲ ಮಹಾಯುದ್ಧದ ನಡುವೆ, 1917ರ ಜನವರಿಯಲ್ಲಿ, ಜರ್ಮನಿಯ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್ ಮೆಕ್ಸಿಕೊಗೆ ಕಳಿಸಿದ ತಂತಿ ಇಂಥ ಸಂಖ್ಯೆಗಳ ಸಾಲು. ಅಮೆರಿಕ ಯುದ್ಧಕ್ಕೆ ಬಂದರೆ ನಮ್ಮ ಜೊತೆ ನಿಲ್ಲಿ, ನೀವು ಅಮೆರಿಕಕ್ಕೆ ಕಳೆದುಕೊಂಡ ನೆಲ ವಾಪಸ್ ಪಡೆಯಲು ನೆರವಾಗುತ್ತೇವೆ ಎಂಬುದು ಅದರ ಒಳಗಿದ್ದ ಮಾತು. ಬ್ರಿಟಿಷರ 'ರೂಂ 40' ಎಂಬ ತಂಡ ಅದನ್ನು ಬಿಡಿಸಿತು. ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ತಂತಿ ಅಲ್ಲಿನ ಜನರನ್ನು ಕೆರಳಿಸಿದ್ದು ನಿಜ.

ನಿಂಬೆರಸದಲ್ಲಿ ಬರೆದು ಬಿಸಿ ತಾಗಿಸಿ ಓದೋದೂ ಗೂಢಲಿಪಿನಾ?

ಅಲ್ಲ. ಅದು ಬಚ್ಚಿಡುವುದು. ಗೂಢಲಿಪಿಯಲ್ಲಿ ಬರಹ ಕಣ್ಣೆದುರೇ ಇರುತ್ತದೆ, ಅರ್ಥ ಮಾತ್ರ ಮರೆಯಾಗಿರುತ್ತದೆ. ಬಚ್ಚಿಡುವಾಗ ಬರಹ ಇದೆ ಅನ್ನುವುದೇ ಗೊತ್ತಾಗಬಾರದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಒಂದು ಕಥೆ ಇದೆ. ಹಿಸ್ಟಿಯಾಯಸ್ ಎಂಬಾತ ತನ್ನ ಆಳಿನ ತಲೆ ಬೋಳಿಸಿ, ನೆತ್ತಿಯ ಮೇಲೆ ಸಂದೇಶ ಹಚ್ಚೆ ಹಾಕಿಸಿ, ಕೂದಲು ಬೆಳೆದ ಮೇಲೆ ಕಳಿಸಿದನಂತೆ. ತಲುಪಿದ ಕಡೆ ಮತ್ತೆ ಬೋಳಿಸಿ ಓದಿದರು. ತುರ್ತು ಕೆಲಸಕ್ಕೆ ಆಗುವ ದಾರಿಯಲ್ಲ.

ಇದಕ್ಕೆ ಗಣಿತ ಎಷ್ಟು ಗೊತ್ತಿರಬೇಕು?

ಹಳೆಯ ಸೈಫರ್‌ಗಳಿಗೆ ಕೂಡುವುದು, ಕಳೆಯುವುದು, ಶೇಷ ತೆಗೆಯುವುದು ಬಂದರೆ ಸಾಕು. ಇವತ್ತು ಬುಧವಾರ, ಹತ್ತು ದಿನ ಬಿಟ್ಟು ಯಾವ ವಾರ? ಹತ್ತರಲ್ಲಿ ಏಳು ಕಳೆದು, ಮೂರು ದಿನ ಎಣಿಸಿ ಶನಿವಾರ ಅನ್ನುತ್ತೀರಿ. ಪಂಚಾಂಗ ನೋಡುವ ಅಜ್ಜಿಗೂ ಬರುವ ಲೆಕ್ಕ ಇದು. ಮುಂದೆ ಬರುವ ಸೀಸರ್ ಸೈಫರ್ ಒಳಗೂ, ಇವತ್ತಿನ ಕಂಪ್ಯೂಟರುಗಳು ಬಳಸುವ ಆರ್‌ಎಸ್‌ಎ ಎಂಬ ವಿಧಾನದ ಒಳಗೂ ಈ ಸುತ್ತು ಲೆಕ್ಕವೇ ಇದೆ.

## ಕೈಯಲ್ಲೇ ಮಾಡುವ ಸೈಫರ್‌ಗಳು

ಸೀಸರ್ ಸೈಫರನ್ನ ಕನ್ನಡದಲ್ಲಿ ಮಾಡೋದು ಹೇಗೆ?

ರೋಮಿನ ಜೂಲಿಯಸ್ ಸೀಸರ್ ಗುಟ್ಟಿನ ಪತ್ರ ಬರೆಯುವಾಗ ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದೆ ಸರಿಸುತ್ತಿದ್ದ ಎಂದು ರೋಮಿನ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಎ ಇದ್ದಲ್ಲಿ ಡಿ, ಬಿ ಇದ್ದಲ್ಲಿ ಇ.

ಕನ್ನಡದಲ್ಲಿ ಮಾಡಲು ಹೊರಟರೆ ಮೊದಲ ತೊಡಕು ಇದು: ಯಾವುದನ್ನು ಸರಿಸುವುದು? 'ಕಿ' ಅನ್ನುವುದರಲ್ಲಿ ಕ್ ಇದೆ, ಇ ಇದೆ. ನಾನು ಮಕ್ಕಳಿಗೆ ಹೇಳುವ ಸುಲಭದ ದಾರಿ ಹೀಗೆ. ವ್ಯಂಜನ ಮಾತ್ರ ಸರಿಸಿ. ಗುಣಿತ, ಸೊನ್ನೆ, ಸ್ವರ ಇದ್ದಂತೆಯೇ ಬಿಡಿ. ಕ ಖ ಗ ಘ ಙ, ಚ ಛ ಜ ಝ ಞ, ಟ ಠ ಡ ಢ ಣ, ತ ಥ ದ ಧ ನ, ಪ ಫ ಬ ಭ ಮ, ಯ ರ ಲ ವ ಶ ಷ ಸ ಹ ಳ. ಒಟ್ಟು 34. ಳ ಆದ ಮೇಲೆ ಮತ್ತೆ ಕ.

ಈಗ "ನಾಳೆ ಬಾ" ತೆಗೆದುಕೊಳ್ಳಿ. ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಅದೇ. ನ ದಿಂದ ಮೂರು ಮನೆ ಮುಂದೆ ಹೋದರೆ ಪ, ಫ, ಬ. ಹಾಗಾಗಿ ನಾ ಹೋಗಿ ಬಾ ಆಯಿತು. ಳ ದಿಂದ ಮೂರು ಮನೆ: ಕ, ಖ, ಗ. ಳೆ ಹೋಗಿ ಗೆ. ಬ ದಿಂದ ಭ, ಮ, ಯ. ಬಾ ಹೋಗಿ ಯಾ. ಸಿಕ್ಕಿದ್ದು "ಬಾಗೆ ಯಾ". ಬಾಗಿಲಿಗೆ ಬಂದ ದೆವ್ವಕ್ಕೂ ತಲೆಬುಡ ಗೊತ್ತಾಗುವುದಿಲ್ಲ.

ಕೀ 5 ಇಟ್ಟರೆ ಇನ್ನೊಂದು ಚಂದ ಕಾಣುತ್ತದೆ. ಕ ಹೋಗಿ ಚ, ಚ ಹೋಗಿ ಟ, ಟ ಹೋಗಿ ತ. ವರ್ಗಾಕ್ಷರಗಳು ಸಾಲಾಗಿ ಒಂದೊಂದು ಮೆಟ್ಟಿಲು ಇಳಿಯುತ್ತವೆ. ನಮ್ಮ ವರ್ಣಮಾಲೆಯನ್ನು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ ಎಂಬುದು ನನಗೆ ಮನವರಿಕೆಯಾಗಿದ್ದು ಶಾಲೆಯಲ್ಲಿ ಅಲ್ಲ, ಈ ಆಟದಲ್ಲಿ.

ಅಕ್ಷರ ಬದಲಿಸದೇ ಗೂಢ ಮಾಡೋಕೆ ಆಗುತ್ತಾ?

ಆಗುತ್ತದೆ. ಅಕ್ಷರ ಅವೇ ಇರಲಿ, ಜಾಗ ಮಾತ್ರ ಬದಲಿಸಿ. "ಹತ್ತು ಗಂಟೆಗೆ ಬಾವಿ ಹತ್ತಿರ ಬನ್ನಿ" ಅನ್ನುವುದನ್ನು ಒಂದು ಸಾಲಿಗೆ ನಾಲ್ಕು ಅಕ್ಷರದಂತೆ ಮೂರು ಸಾಲು ಬರೆಯಿರಿ:

ಹ – ತ್ತು – ಗಂ – ಟೆ
ಗೆ – ಬಾ – ವಿ – ಹ
ತ್ತಿ – ರ – ಬ – ನ್ನಿ

ಈಗ ಅಡ್ಡಕ್ಕೆ ಬದಲು ಮೇಲಿಂದ ಕೆಳಕ್ಕೆ ಓದಿ: "ಹಗೆತ್ತಿ ತ್ತುಬಾರ ಗಂವಿಬ ಟೆಹನ್ನಿ". ನಾಲ್ಕು ಅನ್ನುವುದೇ ಕೀ. ಗ್ರೀಸಿನ ಸ್ಪಾರ್ಟಾದವರು ಒಂದು ಕೋಲಿಗೆ ತೊಗಲಿನ ಪಟ್ಟಿ ಸುತ್ತಿ, ಕೋಲಿನ ಉದ್ದಕ್ಕೆ ಬರೆದು, ಪಟ್ಟಿ ಬಿಚ್ಚಿ ಕಳಿಸುತ್ತಿದ್ದರು ಎಂದು ಹಳೆಯ ಬರಹಗಳು ಹೇಳುತ್ತವೆ. ಅದೂ ಇದೇ ತಂತ್ರ. ಅಷ್ಟೇ ದಪ್ಪದ ಕೋಲು ಇದ್ದವನಿಗೆ ಮಾತ್ರ ಅಕ್ಷರಗಳು ಕೂಡಿ ಬರುತ್ತವೆ.

ನಮ್ಮ ಒತ್ತಕ್ಷರಗಳಿಂದ ಇಲ್ಲೊಂದು ಸಮಸ್ಯೆ. "ತ್ತುಬಾರ" ಎಂದು ಅದೇ ಅಕ್ಷರದ ಒತ್ತಿನಿಂದ ಶುರುವಾಗುವ ಪದ ಕನ್ನಡದಲ್ಲಿ ಇಲ್ಲ. ನೋಡಿದ ಕೂಡಲೇ ಏನೋ ಕಲಸಿದ್ದಾರೆ ಎಂದು ಗೊತ್ತಾಗುತ್ತದೆ.

ನಾವು ಚಿಕ್ಕವರಿದ್ದಾಗ 'ಕ ಭಾಷೆ' ಮಾತಾಡ್ತಿದ್ವಿ. ಅದೂ ಸೈಫರ್ರಾ?

"ಕನೀಕನು ಕಬಾ" ಅಂದರೆ "ನೀನು ಬಾ". ನಾನೂ ಆಡಿದ್ದೇನೆ. ಪ್ರತಿ ಅಕ್ಷರದ ಹಿಂದೆ ಕ ಸೇರಿಸುವುದು ಒಂದು ವಿಧಾನ. ಆದರೆ ಅದಕ್ಕೆ ಕೀ ಇಲ್ಲ. ವಿಧಾನ ಗೊತ್ತಾದ ದಿನ ಗುಟ್ಟೂ ಹೋಯಿತು. ನಮ್ಮ ಮನೆಯಲ್ಲಿ ಅಮ್ಮ ಎರಡೇ ದಿನಕ್ಕೆ ಕಲಿತು ಅದೇ ಭಾಷೆಯಲ್ಲಿ ನಮ್ಮನ್ನು ಊಟಕ್ಕೆ ಕರೆದಿದ್ದಳು.

## ಬಿಡಿಸುವುದು

ಕೀ ಗೊತ್ತಿಲ್ಲದೇ ಹೇಗೆ ಬಿಡಿಸ್ತಾರೆ? ಒಂದು ಮಾಡಿ ತೋರಿಸಿ.

ಈ ಸಾಲು ನೋಡಿ: "ಶಮೆಷಹ್ಹಿ ಷಾಸೂ ಇಹ್ಹ".

ಸೀಸರ್ ಸೈಫರ್ ಅಂತ ಗೊತ್ತಿದ್ದರೆ 33 ಕೀಗಳನ್ನೂ ಒಂದೊಂದಾಗಿ ಹಾಕಿ ನೋಡಬಹುದು. ಅರ್ಧ ಗಂಟೆಯ ಕೆಲಸ. ಆದರೆ ಕಣ್ಣು ಬಿಟ್ಟು ನೋಡಿದರೆ ಅದೂ ಬೇಡ. ಕೊನೆಯ ಪದ ಇ ಯಿಂದ ಶುರುವಾಗಿದೆ, ಆಮೇಲೆ ಒಂದು ಒತ್ತಕ್ಷರ, ಅದೂ ಅದೇ ಅಕ್ಷರದ ಒತ್ತು. ವಾಕ್ಯದ ಕೊನೆಯಲ್ಲಿ ಹೀಗೆ ಕೂರುವ ಕನ್ನಡ ಪದ ಯಾವುದು? "ಇಲ್ಲ"! ಹಾಗಾದರೆ ಹ ಇದ್ದಲ್ಲಿ ಲ ಇತ್ತು. ಲ ದಿಂದ ಹ ಕ್ಕೆ ಐದು ಮನೆ: ವ, ಶ, ಷ, ಸ, ಹ. ಕೀ 5 ಇರಬೇಕು. ಮೊದಲ ಪದದ ಕೊನೆಯ "ಹ್ಹಿ" ಯನ್ನು ಐದು ಮನೆ ಹಿಂದೆ ತಳ್ಳಿದರೆ "ಲ್ಲಿ". ಮನೆಯಲ್ಲಿ, ಊರಲ್ಲಿ ಅನ್ನುವ "ಲ್ಲಿ". ಊಹೆ ಸರಿ ಹೋಯಿತು. ಉಳಿದದ್ದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ: "ಮನೆಯಲ್ಲಿ ಯಾರೂ ಇಲ್ಲ".

ಇಂಗ್ಲಿಷಿನವರು 'ದಿ' ಹುಡುಕುತ್ತಾರೆ. ನಾವು ಪದದ ಬಾಲ ಹುಡುಕಬೇಕು. ಅಲ್ಲಿ, ಅನ್ನು, ಇಂದ, ಗಳು, ತ್ತಾರೆ. ಕನ್ನಡದ ಗುಟ್ಟು ಬಾಲದಿಂದಲೇ ಹೊರಬೀಳುತ್ತದೆ.

ಸರಿಸೋದು ಬಿಟ್ಟು, ಅಕ್ಷರಗಳನ್ನ ಅಡ್ಡಾದಿಡ್ಡಿ ಬದಲಿಸಿದ್ರೆ? ಆಗ ಯಾರೂ ಬಿಡಿಸೋಕೆ ಆಗಲ್ಲ ಅಲ್ವಾ?

ಇದು ತುಂಬಾ ಒಳ್ಳೆಯ ಪ್ರಶ್ನೆ, ಯಾಕೆಂದರೆ ಸುಮಾರು ಸಾವಿರ ವರ್ಷ ಜನ ಹೀಗೇ ನಂಬಿದ್ದರು.

ಇಂಗ್ಲಿಷಿನ 26 ಅಕ್ಷರಗಳನ್ನು ಬೇಕಾದ ಹಾಗೆ ಜೋಡಿಸಿಕೊಂಡರೆ ಆಗುವ ಕೀಗಳ ಸಂಖ್ಯೆ 4ರ ಮುಂದೆ 26 ಸೊನ್ನೆಯಷ್ಟು. ಸೆಕೆಂಡಿಗೆ ನೂರು ಕೋಟಿ ಕೀ ನೋಡುವ ಯಂತ್ರ ಇದ್ದರೂ ಎಲ್ಲ ಮುಗಿಸಲು ಸುಮಾರು 1,280 ಕೋಟಿ ವರ್ಷ ಬೇಕು. ಕನ್ನಡದ 34 ವ್ಯಂಜನಕ್ಕೆ ಇನ್ನೂ ಎಷ್ಟೋ ಜಾಸ್ತಿ. ಆದರೂ ನನ್ನ ಶಿಬಿರದ ಎಂಟನೇ ಕ್ಲಾಸಿನ ಹುಡುಗಿ ಒಂದು ಮಧ್ಯಾಹ್ನದಲ್ಲಿ ಬಿಡಿಸುತ್ತಾಳೆ.

ಹೇಗೆ? ಎಣಿಸಿ. ಅಕ್ಷರ ವೇಷ ಬದಲಿಸುತ್ತದೆ, ಆದರೆ ಎಷ್ಟು ಸಲ ಬರುತ್ತದೆ ಅನ್ನುವುದು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ನೂರು ಅಕ್ಷರಕ್ಕೆ ಸುಮಾರು 12–13 ಇ, ಸುಮಾರು 9 ಟಿ ಬರುತ್ತವೆ. ಗೂಢ ಬರಹದಲ್ಲಿ ಯಾವುದು ಅಷ್ಟು ಸಲ ಬಂದಿದೆಯೋ ಅದೇ ಇ ಇರಬಹುದು. ಇದನ್ನು ಮೊದಲು ಬರೆದಿಟ್ಟವನು ಒಂಬತ್ತನೇ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ. ಗೂಢ ಬರಹ ಯಾವ ಭಾಷೆಯದೋ ಆ ಭಾಷೆಯ ಬೇರೆ ಒಂದು ಬರಹ ತೆಗೆದುಕೋ, ಅಕ್ಷರ ಎಣಿಸು, ಎರಡನ್ನೂ ಹೋಲಿಸು ಅನ್ನುವುದೇ ಅವನ ದಾರಿ. ಆ ಹಸ್ತಪ್ರತಿ ಶತಮಾನಗಳ ನಂತರ ಇಸ್ತಾಂಬುಲಿನಲ್ಲಿ ಸಿಕ್ಕಿತು.

ಕನ್ನಡಕ್ಕೆ ನೀವೇ ಮಾಡಿ ನೋಡಿ. ಇವತ್ತಿನ ಪೇಪರಿನ ಒಂದು ಕಾಲಂ ತೆಗೆದು ವ್ಯಂಜನಗಳನ್ನು ಎಣಿಸಿ. ದ, ರ, ನ, ಲ, ತ, ಗ ಮೇಲೆ ಬಂದು ಕೂರುತ್ತವೆ. ಙ ಬಹುಶಃ ಒಂದೂ ಸಿಗುವುದಿಲ್ಲ. ಞ, ಝ, ಢ, ಛ, ಠ ಅಲ್ಲೊಂದು ಇಲ್ಲೊಂದು. ಒಬ್ಬ ಹುಡುಗ "ಸರ್, ಇದನ್ನ ಯಾರೂ ಬಿಡಿಸಲ್ಲ" ಎಂದು ಎರಡು ಪುಟ ತಂದುಕೊಟ್ಟಿದ್ದ. ಪುಟದ ತುಂಬಾ "ಝಛು", "ಝಛು" ಎಂದು ಪದಗಳು ಮುಗಿಯುತ್ತಿದ್ದವು. "ಗಳು" ಬಿಟ್ಟರೆ ಬೇರೇನು ಇರಲು ಸಾಧ್ಯ? ಅಲ್ಲಿಂದ ದಾರ ಎಳೆದೆ, ಇಡೀ ಬಟ್ಟೆ ಬಿಚ್ಚಿಕೊಂಡಿತು.

ಗೂಢಲಿಪಿ ಒಡೆದು ಯಾರಾದ್ರೂ ಪ್ರಾಣ ಕಳ್ಕೊಂಡಿದ್ದಾರಾ?

ಹೌದು. ಸ್ಕಾಟ್ಲೆಂಡಿನ ರಾಣಿ ಮೇರಿ. ಇಂಗ್ಲೆಂಡಿನ ರಾಣಿ ಎಲಿಜಬೆತ್ ಅವಳನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿದ್ದಳು. 1586ರಲ್ಲಿ ಬ್ಯಾಬಿಂಗ್ಟನ್ ಎಂಬ ಯುವಕ ಎಲಿಜಬೆತಳನ್ನು ಕೊಂದು ಮೇರಿಯನ್ನು ಬಿಡಿಸುವ ಸಂಚು ಮಾಡಿದ. ಇಬ್ಬರ ಪತ್ರಗಳೂ ಗೂಢಲಿಪಿಯಲ್ಲಿ, ಬಿಯರ್ ಪೀಪಾಯಿಯೊಳಗೆ ಅಡಗಿ ಹೋಗಿ ಬರುತ್ತಿದ್ದವು. ಅಕ್ಷರಕ್ಕೊಂದು ಚಿಹ್ನೆ, ಕೆಲವು ಪದಗಳಿಗೆ ಬೇರೆ ಚಿಹ್ನೆ.

ಆ ಪೀಪಾಯಿಯ ಏರ್ಪಾಡೇ ಎಲಿಜಬೆತಳ ಗೂಢಚಾರರದು. ಪ್ರತಿ ಪತ್ರವೂ ಥಾಮಸ್ ಫೆಲಿಪ್ಸ್ ಎಂಬ ಸೈಫರ್ ಬಿಡಿಸುವವನ ಮೇಜಿನ ಮೇಲೆ ಹಾದು ಹೋಗುತ್ತಿತ್ತು. ಅವನು ಬಿಡಿಸಿ ಓದಿದ್ದಷ್ಟೇ ಅಲ್ಲ, ಮೇರಿಯ ಪತ್ರದ ಕೊನೆಗೆ ಅದೇ ಗೂಢಲಿಪಿಯಲ್ಲಿ ಎರಡು ಸಾಲು ತಾನೇ ಸೇರಿಸಿದ: ಸಂಚಿನಲ್ಲಿರುವವರ ಹೆಸರು ತಿಳಿಸು ಎಂದು. 1587ರ ಫೆಬ್ರವರಿ 8ರಂದು ಮೇರಿಯ ತಲೆ ಕಡಿದರು.

ಈ ಕಥೆ ಹೇಳುವಾಗೆಲ್ಲ ನನಗೆ ಒಂದೇ ಸಂಕಟ. ಗೂಢಲಿಪಿ ಇಲ್ಲದಿದ್ದರೆ ಮೇರಿ ಆ ಮಾತುಗಳನ್ನು ಅಷ್ಟು ಬಿಚ್ಚಿ ಬರೆಯುತ್ತಲೇ ಇರಲಿಲ್ಲ. ದುರ್ಬಲ ಸೈಫರ್ ಕೊಟ್ಟ ಧೈರ್ಯವೇ ಅವಳಿಗೆ ಮುಳುವಾಯಿತು.

ಅವಳದೇ ಇನ್ನೂ ಐವತ್ತಕ್ಕೂ ಹೆಚ್ಚು ಪತ್ರಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಇಟಲಿಯ ಕಾಗದಪತ್ರ ಎಂಬ ಪಟ್ಟಿಯಲ್ಲಿ ಸೇರಿಕೊಂಡು ಕೂತಿದ್ದವು. 2023ರಲ್ಲಿ ಮೂವರು ಸಂಶೋಧಕರು ಅವನ್ನು ಬಿಡಿಸಿ ಪ್ರಕಟಿಸಿದರು. ಭಾಷೆ ಇಟಾಲಿಯನ್ ಅಲ್ಲ, ಫ್ರೆಂಚ್ ಎಂದು ಗೊತ್ತಾದ ಮೇಲೆಯೇ ಕೆಲಸ ಸಾಗಿದ್ದು. ಬಿಡಿಸುವವನಿಗೆ ಭಾಷೆ ಯಾವುದು ಎಂಬುದೇ ಮೊದಲ ಬಾಗಿಲು.

## ನಮ್ಮ ನೆಲದ ಪ್ರಶ್ನೆಗಳು

ನಮ್ಮ ದೇಶದಲ್ಲಿ ಗೂಢಲಿಪಿ ಇರಲಿಲ್ವಾ?

ಇತ್ತು. ವಾತ್ಸ್ಯಾಯನನ ಕಾಮಸೂತ್ರ ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ 'ಮ್ಲೇಚ್ಛಿತ ವಿಕಲ್ಪ' ಒಂದು. ಗೊತ್ತಿರುವವರಿಗೆ ಮಾತ್ರ ತಿಳಿಯುವಂತೆ ಬರೆಯುವ, ಮಾತಾಡುವ ಕಲೆ. ಅದಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ 'ಮೂಲದೇವೀಯ' ಎಂಬ ಬಗೆ ಬರುತ್ತದೆ. ಅಕ್ಷರಗಳನ್ನು ಜೋಡಿ ಮಾಡಿ ಒಂದರ ಜಾಗದಲ್ಲಿ ಇನ್ನೊಂದು ಇಡುವುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಗೂಢಚಾರರು 'ಸಂಜ್ಞಾಲಿಪಿ'ಯಲ್ಲಿ ಸುದ್ದಿ ಮುಟ್ಟಿಸಬೇಕು ಎಂಬ ಮಾತಿದೆ.

ಕಟಪಯಾದಿ ಸಂಖ್ಯೆ ಗೂಢಲಿಪಿನಾ?

ಸಂಗೀತ ಕಲಿಯುವವರು ಇದನ್ನು ಬಿಡದೇ ಕೇಳುತ್ತಾರೆ. ಕಟಪಯಾದಿಯಲ್ಲಿ ಒಂದೊಂದು ವ್ಯಂಜನಕ್ಕೂ ಒಂದು ಅಂಕಿ ಗೊತ್ತು ಮಾಡಿದ್ದಾರೆ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರದಲ್ಲಿ ಅದರ ಸಂಖ್ಯೆ ಇದೆ. ಧೀರಶಂಕರಾಭರಣದಲ್ಲಿ ಧ ಅಂದರೆ 9, ರ ಅಂದರೆ 2. ತಿರುಗಿಸಿ ಓದಿದರೆ 29. ಮಾಯಾಮಾಳವಗೌಳದಲ್ಲಿ ಮ 5, ಯ 1. ತಿರುಗಿಸಿದರೆ 15.

ಇದು ಗುಟ್ಟು ಮಾಡಲು ಹುಟ್ಟಿದ್ದಲ್ಲ, ನೆನಪಿಡಲು ಹುಟ್ಟಿದ್ದು. ಕೀ ಇಲ್ಲ. ನಿಯಮ ಗೊತ್ತಿದ್ದವರೆಲ್ಲ ಓದಬಹುದು, ಓದಲಿ ಎಂದೇ ಮಾಡಿದ್ದು. ಇಂಥದ್ದಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ. ಕಂಪ್ಯೂಟರಿನ ಮಾಹಿತಿಯನ್ನು ಬರೀ ಅಕ್ಷರ, ಅಂಕಿಗಳ ಸಾಲಾಗಿ ಬರೆಯುವ ಬೇಸ್64 ಕೂಡ ಇದೇ ಜಾತಿ. ನೋಡಲು ಗೂಢವಾಗಿ ಕಾಣುತ್ತದೆ, ಕಾಪಾಡುವುದು ಏನನ್ನೂ ಇಲ್ಲ.

ಸಿರಿಭೂವಲಯದ ಚಕ್ರಗಳು?

ಕುಮುದೇಂದು ಮುನಿಯ ಸಿರಿಭೂವಲಯದಲ್ಲಿ ಅಕ್ಷರಗಳೇ ಇಲ್ಲ. 27 ಸಾಲು, 27 ಕಂಬಸಾಲಿನ ಚೌಕಗಳು. ಒಂದೊಂದರಲ್ಲಿ 729 ಮನೆ. ಮನೆಯೊಳಗೆ 1ರಿಂದ 64ರ ತನಕದ ಅಂಕಿಗಳು, ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಓದುವುದು ನೇರ ಸಾಲಿನಲ್ಲಲ್ಲ, 'ಬಂಧ' ಎಂದು ಕರೆಯುವ ದಾರಿ ಹಿಡಿದು. ಗೂಢಲಿಪಿಯ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿವೆ: ಅಕ್ಷರದ ಬದಲು ಅಂಕಿ, ಮತ್ತು ಜಾಗದ ಅದಲು ಬದಲು. ಕೃತಿಯ ಕಾಲದ ಬಗ್ಗೆ, ಅದರಲ್ಲಿ ಏನೆಲ್ಲ ಅಡಗಿದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಆದರೆ ಆ ಚೌಕವನ್ನು ಮುಂದಿಟ್ಟುಕೊಂಡು ಬೆರಳಿನಿಂದ ದಾರಿ ಹಿಡಿಯುವಾಗ ಮೈ ಜುಮ್ಮೆನ್ನುತ್ತದೆ.

ತುಳು ಗೊತ್ತಿಲ್ಲದವರ ಮುಂದೆ ತುಳು ಮಾತಾಡಿದ್ರೆ ಗೂಢಲಿಪಿ ಆದ ಹಾಗಲ್ವಾ?

ಬಸ್ಸಿನಲ್ಲಿ ಕೆಲಸ ಆಗುತ್ತದೆ, ಯುದ್ಧದಲ್ಲಿ ಆಗುವುದಿಲ್ಲ. ಎದುರಾಳಿ ಒಬ್ಬ ತುಳು ಬಲ್ಲವನನ್ನು ಹುಡುಕಿದರೆ ಮುಗಿಯಿತು. 1942ರಿಂದ ಅಮೆರಿಕದ ಮರೀನ್ ಪಡೆಯ ಸೈನಿಕರು ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಭಾಷೆ ಬಳಸಿದ್ದು ಪ್ರಸಿದ್ಧ. ಆದರೆ ಅವರು ಸುಮ್ನೆ ನವಾಹೊ ಮಾತಾಡಲಿಲ್ಲ. ಮೊದಲ ತಂಡದ 29 ಮಂದಿ ಸೇರಿ ಭಾಷೆಯ ಮೇಲೆ ಇನ್ನೊಂದು ಕೋಡ್ ಕಟ್ಟಿದರು. ಜಲಾಂತರ್ಗಾಮಿಗೆ 'ಕಬ್ಬಿಣದ ಮೀನು', ಯುದ್ಧ ವಿಮಾನಕ್ಕೆ ಝೇಂಕಾರದ ಹಕ್ಕಿಯ ಹೆಸರು. ಜಪಾನೀಯರ ಸೆರೆಯಲ್ಲಿದ್ದ ಒಬ್ಬ ನವಾಹೊ ಸೈನಿಕನಿಗೆ ಪದಗಳು ಕೇಳಿಸಿದವು, ಅರ್ಥ ಮಾತ್ರ ಆಗಲಿಲ್ಲ.

## ಒಂದು ಮೆಟ್ಟಿಲು ಮೇಲೆ

ಎಣಿಸಿ ಬಿಡಿಸೋದನ್ನ ತಪ್ಪಿಸೋದು ಹೇಗೆ?

ಒಂದೇ ಅಕ್ಷರ ಪ್ರತಿ ಸಲವೂ ಬೇರೆ ವೇಷ ಹಾಕಬೇಕು. ಅದಕ್ಕೆ ಒಂದರ ಬದಲು ಹಲವು ಕೀ. ಇಟಲಿಯ ಬೆಲಾಸೊ 1553ರಲ್ಲಿ ಇದನ್ನು ಬರೆದ. ಹೆಸರು ಮಾತ್ರ ಆಮೇಲೆ ಬಂದ ಫ್ರಾನ್ಸಿನ ವಿಜನೇರ್‌ಗೆ ಹೋಯಿತು.

ಕ ಅಂದರೆ 0, ಖ 1, ಗ 2 ಎಂದು ಎಣಿಸುತ್ತಾ ಹೋಗಿ. ಕೀ ಪದ 'ಗಜ' ಇರಲಿ. ಗ 2, ಜ 7. ಮೊದಲ ಅಕ್ಷರ 2 ಮನೆ, ಎರಡನೆಯದು 7 ಮನೆ, ಮೂರನೆಯದು ಮತ್ತೆ 2. "ನನಗೆ" ಅನ್ನುವುದು "ಫರಙೆ" ಆಗುತ್ತದೆ. ಪಕ್ಕ ಪಕ್ಕದ ಎರಡು ನ ಗಳಲ್ಲಿ ಒಂದು ಫ, ಇನ್ನೊಂದು ರ ಆಯಿತು. ಈಗ ಎಣಿಸಿ ಏನು ಪ್ರಯೋಜನ?

ಸುಮಾರು ಮುನ್ನೂರು ವರ್ಷ ಇದನ್ನು 'ಬಿಡಿಸಲಾಗದ ಸೈಫರ್' ಎಂದೇ ಕರೆದರು. 1850ರ ದಶಕದಲ್ಲಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಿಡಿಸಿದ, ಆದರೆ ಪ್ರಕಟಿಸಲಿಲ್ಲ. 1863ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಕಸಿಸ್ಕಿ ದಾರಿಯನ್ನು ಪ್ರಕಟಿಸಿದ. ಕೀ ಮತ್ತೆ ಮತ್ತೆ ಸುತ್ತುತ್ತದಲ್ಲ, ಅದೇ ಇದರ ಕೊರತೆ. ಬರಹದಲ್ಲಿ ಒಂದೇ ಪದ ಎರಡು ಸಲ ಬಂದು, ಎರಡು ಸಲವೂ ಕೀಯ ಅದೇ ಜಾಗಕ್ಕೆ ಬಿದ್ದರೆ, ಗೂಢ ಬರಹದಲ್ಲೂ ಅದೇ ತುಣುಕು ಎರಡು ಸಲ ಕಾಣುತ್ತದೆ. ಅವುಗಳ ನಡುವೆ 24 ಅಕ್ಷರ, ಇನ್ನೊಂದು ಕಡೆ 36 ಅಕ್ಷರದ ಅಂತರ ಸಿಕ್ಕರೆ ಕೀಯ ಉದ್ದ 12 ಅಥವಾ ಅದನ್ನು ಭಾಗಿಸುವ ಸಂಖ್ಯೆ ಇರಬೇಕು. ಉದ್ದ ಗೊತ್ತಾದರೆ ಉಳಿದದ್ದು ಬರೀ ಸೀಸರ್ ಸೈಫರ್‌ಗಳ ಕಂತೆ.

ಯಾವತ್ತೂ ಒಡೆಯಲಾಗದ ಸೈಫರ್ ಇದೆಯಾ?

ಒಂದೇ ಒಂದು ಇದೆ: ಒನ್ ಟೈಮ್ ಪ್ಯಾಡ್. ಬರಹದಷ್ಟೇ ಉದ್ದದ, ಚೀಟಿ ಎತ್ತಿದಂತೆ ಪೂರ್ತಿ ಯಾದೃಚ್ಛಿಕವಾಗಿ ಬಂದ ಅಂಕಿಗಳ ಕೀ. ಒಂದೇ ಸಲ ಬಳಸಿ ಸುಟ್ಟು ಹಾಕಬೇಕು. ಇದನ್ನು ಒಡೆಯಲಾಗದು ಎಂಬುದಕ್ಕೆ ಗಣಿತದ ಪುರಾವೆಯನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ.

ಯಾಕೆ ಒಡೆಯಲಾಗದು ಅನ್ನುವುದನ್ನು ನಮ್ಮ "ಬಾಗೆ ಯಾ" ಇಟ್ಟುಕೊಂಡೇ ನೋಡೋಣ. ಕೀ 3, 3, 3 ಆಗಿದ್ದರೆ ಅದು "ನಾಳೆ ಬಾ". ಕೀ 32, 9, 10 ಆಗಿದ್ದರೆ ಅದು "ಮಾಲೆ ತಾ". ಎರಡೂ ಕೀ ಅಷ್ಟೇ ಸಾಧ್ಯ. ಕಳ್ಳ ಎಲ್ಲ ಕೀಗಳನ್ನೂ ಹಾಕಿ ನೋಡಿದರೂ ಅವನ ಮುಂದೆ ಎಲ್ಲ ಬಗೆಯ ವಾಕ್ಯಗಳೂ ಬಂದು ನಿಲ್ಲುತ್ತವೆ. ಯಾವುದು ನಿಜ ಎಂದು ಹೇಳಲು ಒಂದು ಎಳೆಯೂ ಸಿಗುವುದಿಲ್ಲ. (ಇಲ್ಲಿ ಸ್ವರ ಬಿಟ್ಟುಕೊಟ್ಟಿದ್ದೇವೆ. ನಿಜವಾಗಿ ಮಾಡುವಾಗ ಗುಣಿತವನ್ನೂ ಸರಿಸಬೇಕು.)

ಕಷ್ಟ ಇರುವುದು ಅಷ್ಟು ಉದ್ದದ ಕೀಯನ್ನು ಮುಟ್ಟಿಸುವುದರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದವರು ಅವಸರದಲ್ಲಿ ಕೆಲವು ಕೀ ಹಾಳೆಗಳನ್ನು ಎರಡೆರಡು ಪ್ರತಿ ಮಾಡಿಬಿಟ್ಟರು. ಅಷ್ಟು ಸಾಕಾಯಿತು. ಅಮೆರಿಕನ್ನರು 'ವೆನೋನ' ಎಂಬ ಕೆಲಸದಲ್ಲಿ 1943ರಿಂದ 1980ರ ತನಕ ಅವನ್ನು ಕೆದಕಿ ಎಷ್ಟೋ ಸಂದೇಶ ಓದಿದರು.

ಬ್ಯಾಂಕಿನಿಂದ ಬರೋ ಓಟಿಪಿ ಇದೇನಾ?

ಅಲ್ಲ. ಇಂಗ್ಲಿಷಿನ ಮೊದಲ ಅಕ್ಷರಗಳು ಒಂದೇ, ಅಷ್ಟೇ. ಬ್ಯಾಂಕಿನದು ಒಂದು ಸಲದ ಪಾಸ್‌ವರ್ಡ್. ಅದರಿಂದ ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ, ಫೋನ್ ಹಿಡಿದಿರುವುದು ನೀವೇನಾ ಎಂದು ನೋಡುತ್ತಾರೆ. ಯಾರು ಕೇಳಿದರೂ ಹೇಳಬೇಡಿ.

ಎನಿಗ್ಮಾ ಯಂತ್ರವನ್ನ ಟ್ಯೂರಿಂಗ್ ಒಬ್ಬರೇ ಒಡೆದ್ರಾ?

ಇಲ್ಲ. ಎನಿಗ್ಮಾ ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಸೈಫರ್ ಯಂತ್ರ. ಮೊದಲು ಒಳಗೆ ನುಗ್ಗಿದವರು ಪೋಲೆಂಡಿನವರು. 1932ರಲ್ಲೇ ಮರಿಯನ್ ರೆಯೆವ್‌ಸ್ಕಿ ಎಂಬ ಗಣಿತಜ್ಞ ಯಂತ್ರದ ಒಳ ವೈರಿಂಗನ್ನು ಲೆಕ್ಕ ಹಾಕಿ ಕಂಡುಹಿಡಿದ. 1939ರ ಜುಲೈನಲ್ಲಿ, ಯುದ್ಧ ಶುರುವಾಗಲು ಕೆಲವೇ ವಾರ ಇದ್ದಾಗ, ತಮಗೆ ಗೊತ್ತಿದ್ದದ್ದನ್ನೆಲ್ಲ ಅವರು ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು. ಆಮೇಲೆ ಬ್ರಿಟಿಷರ ಸೈಫರ್ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನಲ್ಲಿ ಗಣಿತಜ್ಞ ಟ್ಯೂರಿಂಗ್ ಮತ್ತು ಸಾವಿರಾರು ಜನ ಕೆಲಸ ಮುಂದುವರಿಸಿದರು. ಅವರಲ್ಲಿ ಹೆಂಗಸರೇ ಜಾಸ್ತಿ.

ಎನಿಗ್ಮಾದಲ್ಲಿ ಒಂದು ಹುಳುಕು ಇತ್ತು. ಯಾವ ಅಕ್ಷರವೂ ತಾನೇ ಆಗಿ ಹೊರಬರುತ್ತಿರಲಿಲ್ಲ. ಎ ಒತ್ತಿದರೆ ಎ ಬಿಟ್ಟು ಬೇರೆ ಏನಾದರೂ ಬರುತ್ತಿತ್ತು. ಹವಾಮಾನ ವರದಿಯಲ್ಲಿ ಇಂಥ ಪದ ಇದ್ದೇ ಇರುತ್ತದೆ ಎಂದು ಊಹಿಸಿ, ಆ ಪದವನ್ನು ಗೂಢ ಬರಹದ ಕೆಳಗೆ ಹಿಡಿದು ಸರಿಸುತ್ತಾ ಹೋಗುವುದು. ಎಲ್ಲಿ ಮೇಲೂ ಕೆಳಗೂ ಒಂದೇ ಅಕ್ಷರ ಬಂತೋ ಆ ಜಾಗ ಅಲ್ಲ. "ಇಹ್ಹ" ನೋಡಿ "ಇಲ್ಲ" ಅಂದೆವಲ್ಲ, ಅದೇ ಬುದ್ಧಿ.

ನಾನೇ ಹೊಸ ಸೈಫರ್ ಮಾಡಿದ್ದೀನಿ. ಹೇಗೆ ಅಂತ ಯಾರಿಗೂ ಹೇಳಲ್ಲ. ಸೇಫ್ ಅಲ್ವಾ?

ಮಾಡಿದ್ದಕ್ಕೆ ಭೇಷ್. ಆದರೆ ಹೇಳಿ, ಹೇಳಲೇಬೇಕು. 1883ರಲ್ಲಿ ಕೆರ್ಕ್‌ಹಾಫ್ಸ್ ಬರೆದ ನಿಯಮ ಇವತ್ತಿಗೂ ನಡೆಯುತ್ತಿದೆ: ನಿಮ್ಮ ವಿಧಾನ ಶತ್ರುವಿನ ಕೈಗೆ ಪೂರ್ತಿ ಸಿಕ್ಕರೂ ಕೀ ಒಂದು ಗುಟ್ಟಾಗಿದ್ದರೆ ಸಂದೇಶ ಉಳಿಯಬೇಕು. ವಿಧಾನ ಎಷ್ಟು ದಿನ ಬಚ್ಚಿಡುತ್ತೀರಿ? ಕೆಲಸ ಬಿಟ್ಟವನು ಹೇಳುತ್ತಾನೆ, ಯಂತ್ರ ಕಳುವಾಗುತ್ತದೆ. ಕೀ ಆದರೆ ಒಂದು ನಿಮಿಷದಲ್ಲಿ ಬದಲಿಸಬಹುದು. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ತಾನು ಬಿಡಿಸಲಾಗದ ಸೈಫರ್ ಯಾರು ಬೇಕಾದರೂ ಮಾಡಬಹುದು. ನಾಲ್ಕು ಜನ ಒಡೆಯಲು ನೋಡಿ ಸೋತ ಮೇಲೆ ಮಾತ್ರ ಅದರ ಶಕ್ತಿ ತಿಳಿಯುತ್ತದೆ.

## ಈ ಕಾಲದ ಗೂಢಲಿಪಿ

ಕಂಪ್ಯೂಟರಲ್ಲಿ ಕನ್ನಡಕ್ಕೆ ಬೇರೆ ಎನ್‌ಕ್ರಿಪ್ಷನ್ ಬೇಕಾ?

ಬೇಡ. ಕಂಪ್ಯೂಟರಿಗೆ ಎಲ್ಲವೂ ಸಂಖ್ಯೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕ ಅಂದರೆ 3221. ಆ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಒಂದು ಬಗೆಯಾದ ಯುಟಿಎಫ್-8ರಲ್ಲಿ ಅದು 224, 178, 149 ಎಂಬ ಮೂರು ಬೈಟ್. 2001ರಿಂದ ಚಾಲ್ತಿಯಲ್ಲಿರುವ ಎಇಎಸ್ ಸೈಫರ್ ಇಂಥ 16 ಬೈಟ್‌ಗಳನ್ನು ಒಂದು ಕಂತೆ ಮಾಡಿ, ಬದಲಿಸಿ, ಸ್ಥಾನ ಪಲ್ಲಟ ಮಾಡಿ, ಕೀ ಬೆರೆಸಿ, ಕನಿಷ್ಠ ಹತ್ತು ಸುತ್ತು ಕಲಸುತ್ತದೆ. ಬದಲಿಸುವುದು, ಜಾಗ ಕದಲಿಸುವುದು, ಎರಡೂ ನಾವು ಮೇಲೆ ಪೆನ್ಸಿಲಿನಲ್ಲಿ ಮಾಡಿದ್ದೇ. ಹಳೆಯದನ್ನು ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಮುಖ ನೋಡದವರ ಜೊತೆ ಕೀ ಹಂಚಿಕೊಳ್ಳೋದು ಹೇಗೆ?

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಇದಕ್ಕೆ ದಾರಿ ತೋರಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆ್ಯಡಲ್‌ಮನ್ ಆರ್‌ಎಸ್‌ಎ ಕಟ್ಟಿದರು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಅದನ್ನು ಕಂಡುಕೊಂಡಿದ್ದ, ಹೇಳುವ ಹಾಗಿರಲಿಲ್ಲ.

ಆರ್‌ಎಸ್‌ಎಯಲ್ಲಿ ಒಬ್ಬೊಬ್ಬರಿಗೂ ಎರಡು ಕೀ: ಊರಿಗೆಲ್ಲ ಹೇಳುವ ಬಹಿರಂಗ ಕೀ, ತಾನೊಬ್ಬನೇ ಇಟ್ಟುಕೊಳ್ಳುವ ಗುಟ್ಟಿನ ಕೀ. ಪುಟ್ಟ ಲೆಕ್ಕ ಮಾಡೋಣ. 3 ಮತ್ತು 11 ಗುಣಿಸಿದರೆ 33. ನನ್ನ ಬಹಿರಂಗ ಕೀ 3 ಮತ್ತು 33. ಊರಿಗೆಲ್ಲ ಹೇಳಿದ್ದೇನೆ. ನೀವು 4 ಕಳಿಸಬೇಕು. 4ನ್ನು ಮೂರು ಸಲ ಗುಣಿಸಿದರೆ 64. 33ರಿಂದ ಭಾಗಿಸಿದರೆ ಶೇಷ 31. ಅದನ್ನು ಕಳಿಸಿ. ನನ್ನ ಗುಟ್ಟಿನ ಕೀ 7. 31ನ್ನು ಏಳು ಸಲ ಗುಣಿಸಿ 33ರಿಂದ ಭಾಗಿಸಿದರೆ ಶೇಷ 4. ನಿಮ್ಮ ಸಂಖ್ಯೆ ಸಿಕ್ಕಿತು! ಆ 7 ಸಿಗಬೇಕಾದರೆ 33 ಯಾವ ಎರಡು ಸಂಖ್ಯೆಯ ಗುಣಲಬ್ಧ ಎಂದು ಗೊತ್ತಿರಬೇಕು. 33ಕ್ಕೆ ಯಾರಾದರೂ ಹೇಳುತ್ತಾರೆ. ನಿಜವಾದ ಬಳಕೆಯಲ್ಲಿ ಅದು 617 ಅಂಕಿಯ ಸಂಖ್ಯೆ.

ಕ್ವಾಂಟಂ ಕಂಪ್ಯೂಟರ್ ಬಂದ್ರೆ ಎಲ್ಲ ಮುಗೀತಾ?

ಎಲ್ಲ ಅಲ್ಲ. ದೊಡ್ಡ ಕ್ವಾಂಟಂ ಯಂತ್ರ ಬಂದರೆ ಆ 617 ಅಂಕಿಯನ್ನು ಒಡೆಯುವ ದಾರಿಯನ್ನು ಪೀಟರ್ ಶೋರ್ 1994ರಲ್ಲೇ ಬರೆದಿದ್ದಾನೆ. ಹಾಗಾಗಿ ಆರ್‌ಎಸ್‌ಎಗೆ ಅಪಾಯ. ಉದ್ದ ಕೀಯ ಎಇಎಸ್‌ಗೆ ಅಷ್ಟು ಪೆಟ್ಟಿಲ್ಲ. ಆರ್‌ಎಸ್‌ಎಯ ಜಾಗಕ್ಕೆ ಬೇರೆ ಗಣಿತದ ಮೇಲೆ ನಿಂತ ಹೊಸ ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದೆ.

ನಮಗೆ ಬಿಡಿಸೋಕೆ ಒಂದು ಕೊಡ್ತೀರಾ?

ಕೊಡುತ್ತೇನೆ. ಸೀಸರ್ ಸೈಫರ್, ವ್ಯಂಜನ ಮಾತ್ರ ಸರಿಸಿದ್ದು:

"ಊದ ಆಹ್ಬಾ? ಇಕ್ಕ, ಇರ್ರೂ ಅಜ್ಜಿ ಬೊಛೆಹುಬ್ಬಿಮ್ಮೇರೆ."

ನಡುವೆ ಒಬ್ಬಳು ಅಜ್ಜಿ ಕಾಣುತ್ತಾಳೆ. ಅವಳನ್ನು ನಂಬಬೇಡಿ. ಮೂರನೇ ಪದದಿಂದ ಶುರು ಮಾಡಿ.